ಚಳಿಯಲ್ಲಿ ಮೋಟಾರ ಸೈಕಲ್ಲು ಹೊಡೆಯುವವರಿಗೆ ನಾಲ್ಕು ಮಾತು



ದೀಪಾವಳಿ ದಾಟಿತೆಂದರೆ ನಮ್ಮ ಯರಗುಪ್ಪಿಯ ಎರೆ ಹೊಲಗಳಲ್ಲಿ ಹಿಂಗಾರಿ ಪೈರು ನೆಲವನ್ನು ಮುಚ್ಚತೊಡಗುತ್ತದೆ. ಕಡಲೆ, ಬಿಳಿಜೋಳ, ಗೋದಿ, ಕುಸುಬೆ ಇವೆಲ್ಲ ಚಳಿಯನ್ನುಂಡು ಬೆಳೆಯುವ ಪೈರುಗಳು. ಆದರೆ ಪೈರಿಗೆ ಹಿತವಾದ ಚಳಿಯು ಅದನ್ನು ಬೆಳೆಯುವವರ ಮೈಗೆ ಹಿತವಾಗಿರುವದಿಲ್ಲ. ಹಿಂದೆ ನಮ್ಮ ಹಿರಿಯರು ನಸುಕಿನಲ್ಲಿ ಹೊಲಕ್ಕೆ ನಡೆದು ಹೋಗುತ್ತಿದ್ದರು, ಇಲ್ಲವೆ ಕಂಬಳಿಯ ಕೊಪ್ಪೆ ಹಾಕಿಕೊಂಡು ಚಕ್ಕಡಿಯಲ್ಲಿ ಕುಳಿತು ಹೋಗುತ್ತಿದ್ದರು. ನಡೆಯುವವನ ಮೈ ತಾನೇ ಬಿಸಿಯಾಗುವದು. ಚಕ್ಕಡಿಯ ನಡಿಗೆಗೆ ಗಾಳಿ ಏಳುವದಿಲ್ಲ. ಈಗ ಹೆಚ್ಚಿನ ಮನೆಗಳ ಮುಂದೆ ಮೋಟಾರ ಸೈಕಲ್ಲು ನಿಂತಿರುತ್ತದೆ. ಹಾಲಿನ ಕ್ಯಾನು ಹೋಗುವದು ಅದರ ಮೇಲೆ, ಹುಬ್ಬಳ್ಳಿಯ ಪೇಟೆಗೆ ಕಾಯಿಪಲ್ಲೆಯ ಗಂಟು ಹೋಗುವದು ಅದರ ಮೇಲೆ, ಕುಂದಗೋಳದ ಕಚೇರಿ ಕೆಲಸಕ್ಕೆ ಹೋಗುವದೂ ಅದರ ಮೇಲೆಯೇ. ಈ ಓಡಾಟದಲ್ಲಿ ಬಹುಭಾಗ ಬೆಳಗಿನ ಐದರಿಂದ ಎಂಟು ಗಂಟೆಯೊಳಗೆ, ಅಂದರೆ ದಿನದ ಅತಿ ತಂಪಾದ ಹೊತ್ತಿನಲ್ಲಿ ನಡೆಯುತ್ತದೆ.

ಒಕ್ಕಲುತನದ ವಿಷಯ ಬರೆಯಬೇಕಾದವನು ಮೋಟಾರ ಸೈಕಲ್ಲಿನ ಮಾತು ತೆಗೆದನೇಕೆ ಎಂದು ಕೆಲವರು ಕೇಳಬಹುದು. ಮೇಳಿ ಹಿಡಿಯುವ ಕೈಯೇ ಬ್ರೇಕನ್ನೂ ಹಿಡಿಯುತ್ತದೆ. ಆ ಕೈ ಕೆಟ್ಟರೆ ಸುಗ್ಗಿ ಕೆಟ್ಟಂತೆಯೇ ಸರಿ. ಆದುದರಿಂದ ಚಳಿಯಲ್ಲಿ ಕೈ ಏಕೆ ಸೆಟೆಯುತ್ತದೆ, ಅದನ್ನು ತಪ್ಪಿಸಲು ಹೆಚ್ಚು ಖರ್ಚಿಲ್ಲದೆ ಏನು ಮಾಡಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನನಗಾದ ಅನುಭವ

ಕಳೆದ ಎಳ್ಳಮಾಸಿಯ ಮುಂದಿನ ವಾರದ ಮಾತು. ಕಡಲೆಗೆ ಕಾಯಿಕೊರಕ ಹುಳು ಬಿದ್ದಿದೆಯೆಂದು ಪಕ್ಕದ ಊರಿನಿಂದ ಸುದ್ದಿ ಬಂದಿತ್ತು. ಮೋಹಕ ಬಲೆಗಳನ್ನು ಹೊಲದಲ್ಲಿ ನೆಟ್ಟು ತೋರಿಸಬೇಕೆಂದು ನಸುಕಿನ ಆರು ಗಂಟೆಗೆ ಯರಗುಪ್ಪಿಯಿಂದ ಗಾಡಿ ಹೊರಡಿಸಿದೆ. ಮೈಮೇಲೆ ಒಂದು ಅಂಗಿ, ಅದರ ಮೇಲೆ ಮನೆಯಲ್ಲಿ ಹೆಣೆದ ಉಣ್ಣೆಯ ಸ್ವೆಟರ್. ಕೈಗೆ ಏನೂ ಇರಲಿಲ್ಲ. ನಮ್ಮದು ಬಯಲು ಸೀಮೆ. ಎರೆ ಹೊಲಗಳ ನಡುವೆ ಗಾಳಿಗೆ ಅಡ್ಡ ನಿಲ್ಲಲು ಮರಗಳು ಕಡಿಮೆ. ಅಂದು ಮೂಡಗಾಳಿ ಬೇರೆ ಬೀಸುತ್ತಿತ್ತು.

ಹಳ್ಳದ ತಗ್ಗಿನಲ್ಲಿ ರಸ್ತೆ ತಿರುಗುವಲ್ಲಿ ಕುರಿಯ ಹಿಂಡೊಂದು ಅಡ್ಡ ಬಂದಿತು. ನಾನು ಅದನ್ನು ಸರಿಯಾದ ಹೊತ್ತಿಗೇ ಕಂಡೆ. ಬ್ರೇಕು ಹಿಡಿ ಎಂದು ಮನಸ್ಸು ಹೇಳಿತು, ಬೆರಳುಗಳು ಕೇಳಲಿಲ್ಲ. ನಾಲ್ಕೂ ಬೆರಳು ಗೂಟದಂತೆ ನಿಂತುಬಿಟ್ಟಿದ್ದವು. ಗಾಡಿಯನ್ನು ಹೊಲಕ್ಕೆ ತಿರುಗಿಸಿದೆ. ಅದು ಕಡಲೆಯ ಸಾಲಿನಲ್ಲಿ ಮಲಗಿತು, ಅದರ ಪಕ್ಕದಲ್ಲಿ ನಾನು. ಎರೆಮಣ್ಣು ಮೆತ್ತಗಿದ್ದುದರಿಂದ ಮೊಣಕಾಲು ತರಚಿದ್ದಷ್ಟಕ್ಕೇ ಮುಗಿಯಿತು, ಒಂದು ಮರಿಗೂ ಪೆಟ್ಟಾಗಲಿಲ್ಲ. ಆದರೆ ಹತ್ತು ಮಾರು ಹಿಂದೆ ಕಲ್ಲಿನ ಸೇತುವೆಯ ಕಟ್ಟೆಯಿತ್ತು. ಹಿಂಡು ಅಲ್ಲಿ ಎದುರಾಗಿದ್ದರೆ ಈ ಲೇಖನ ಬರೆಯಲು ನಾನು ಇರುತ್ತಿದ್ದೆನೋ ಇಲ್ಲವೋ ಹೇಳಲಾರೆ.

ಕುರಿ ಕಾಯುವ ಅಜ್ಜನವರು ಓಡಿ ಬಂದು ನನ್ನನ್ನು ಎಬ್ಬಿಸಿ, ಕೈ ಹಿಡಿದು ನೋಡಿದರು.

"ಯಾಕ್ರೀ ಸಾಹೇಬ್ರ, ಕೈ ಹಿಂಗ ಸೆಟದಾವಲ್ರೀ?"

"ಚಳಿ ಅಜ್ಜಾರ. ಸ್ವೆಟರ್ ಹಾಕ್ಕೊಂಡ್ರೂ ತಡೀವಲ್ದು."

ಅಜ್ಜನವರು ಸ್ವೆಟರಿನ ತುದಿಯನ್ನು ಎರಡು ಬೆರಳಿನಿಂದ ಎಳೆದು ಬೆಳಕಿಗೆ ಹಿಡಿದರು. "ಇದು ಜರಡಿ ಐತ್ರಿ. ಗಾಳಿ ಸೋಸಿ ಒಳಗ ಬಿಡ್ತೈತಿ. ಇದರ ಮ್ಯಾಲ ಏನರ ಒಂದ ಹಾಕ್ರಿ" ಎಂದರು.

ಡಿಪ್ಲೊಮಾ ಓದುವಾಗ ಮಣ್ಣಿನ ಹಸಿಯನ್ನು ಗಾಳಿ ಹೇಗೆ ಒಯ್ಯುತ್ತದೆಂದು ನಾನು ಪರೀಕ್ಷೆಗೆ ಬರೆದಿದ್ದೆ. ಅದೇ ಲೆಕ್ಕವನ್ನು ನನ್ನ ಮೈಗೆ ಹಚ್ಚಿ ನೋಡಿರಲಿಲ್ಲ.

ಗಾಳಿ ಮೈಯ ಬಿಸಿಯನ್ನು ಒಯ್ಯುವ ಬಗೆ

ಮನುಷ್ಯನ ಮೈಯೊಳಗಿನ ಬಿಸಿ ಸುಮಾರು 37 ಡಿಗ್ರಿ ಸೆಲ್ಸಿಯಸ್. ನಮ್ಮ ಭಾಗದಲ್ಲಿ ಡಿಸೆಂಬರ, ಜನವರಿ ತಿಂಗಳ ನಸುಕಿನಲ್ಲಿ ಹೊರಗಿನ ಉಷ್ಣಮಾನ ಸಾಮಾನ್ಯವಾಗಿ 13ರಿಂದ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕೆಲವು ದಿನ ಇನ್ನೂ ಕೆಳಗೆ ಇಳಿಯುವದು. ಬಿಸಿ ಯಾವಾಗಲೂ ಹೆಚ್ಚಿದ್ದ ಕಡೆಯಿಂದ ಕಡಿಮೆ ಇದ್ದ ಕಡೆಗೆ ಹರಿಯುತ್ತದೆ. ಆದರೂ ಅಂಗಳದಲ್ಲಿ ಸುಮ್ಮನೆ ನಿಂತವನು ಅಷ್ಟಾಗಿ ನಡುಗುವದಿಲ್ಲ. ಏಕೆಂದರೆ ಚರ್ಮಕ್ಕೆ ಅಂಟಿಕೊಂಡು ತೆಳ್ಳನೆಯ ಗಾಳಿಯ ಪದರೊಂದು ಇರುತ್ತದೆ. ಅದು ಮೈಯ ಬಿಸಿಗೆ ತಾನೂ ಬೆಚ್ಚಗಾಗಿ ಹೊದಿಕೆಯಂತೆ ಕಾಯುತ್ತದೆ.

ಹಿಂಗಾರಿ ಜೋಳದಲ್ಲಿ ನಾವು ಎಡೆ ಹೊಡೆಯುವದು ಏತಕ್ಕೆ? ಕಳೆ ತೆಗೆಯುವದರ ಜೊತೆಗೆ ಮೇಲಿನ ಮಣ್ಣು ಸಡಿಲಾಗಿ, ಅದರ ಸಂದುಗಳಲ್ಲಿ ಗಾಳಿ ನಿಂತು, ಕೆಳಗಿನ ಹಸಿ ಆರದಂತೆ ಕಾಯಲಿ ಎಂದು. ಅರಿವೆ ಮಾಡುವದೂ ಇದೇ ಕೆಲಸವನ್ನೇ. ಉಣ್ಣೆಗೆ ಸ್ವಂತ ಬಿಸಿಯಿಲ್ಲ. ಅದು ತನ್ನ ಎಳೆಗಳ ನಡುವೆ ಗಾಳಿಯನ್ನು ಅಲುಗದಂತೆ ಹಿಡಿದಿಡುತ್ತದೆ, ಅಷ್ಟೆ. ಗಾಡಿ ಓಡತೊಡಗಿದ ಕೂಡಲೆ ಎದುರು ಗಾಳಿ ಸ್ವೆಟರಿನ ತೂತುಗಳಲ್ಲಿ ಹೊಕ್ಕು ಆ ಬೆಚ್ಚಗಿನ ಪದರನ್ನು ಹೊರಕ್ಕೆ ತಳ್ಳುತ್ತದೆ. ಮೈ ಹೊಸ ಪದರು ಕಾಯಿಸುತ್ತದೆ, ಗಾಳಿ ಅದನ್ನೂ ಒಯ್ಯುತ್ತದೆ. ಬಸಿಯಲ್ಲಿ ಚಹಾ ಹಾಕಿ ಊದಿದರೆ ಬೇಗ ಆರುವದು ಇದೇ ಕಾರಣದಿಂದ.

ಇದನ್ನು ಮೊದಲು ಅಳತೆಗೆ ತಂದವರು ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಇಬ್ಬರು ಅಮೇರಿಕದ ಸಂಶೋಧಕರು. ಅವರು 1941ರಲ್ಲಿ ದಕ್ಷಿಣ ಧ್ರುವದ ಅಂಟಾರ್ಕ್ಟಿಕಾ ಖಂಡದಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಡಬ್ಬಿಯಲ್ಲಿ ನೀರು ತುಂಬಿ, ಗಾಳಿಗೆ ತೂಗುಹಾಕಿ, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿದರು. 1945ರಲ್ಲಿ ಆ ಲೆಕ್ಕ ಪ್ರಕಟವಾಯಿತು. ಮುಂದೆ 2001ರಲ್ಲಿ ಕೆನಡಾ ಮತ್ತು ಅಮೇರಿಕ ದೇಶಗಳು ಮನುಷ್ಯನ ಮುಖದ ಮೇಲೆಯೇ ಪರೀಕ್ಷೆ ಮಾಡಿ ಸೂತ್ರವನ್ನು ತಿದ್ದಿದವು. ಆ ಸೂತ್ರದಂತೆ ಹೊರಗೆ 10 ಡಿಗ್ರಿ ಇದ್ದಾಗ ಗಾಳಿಯ ವೇಗ ಗಂಟೆಗೆ 10 ಕಿಲೋಮೀಟರ ಇದ್ದರೆ ಮೈಗೆ ಸುಮಾರು ಎಂಟೂವರೆ ಡಿಗ್ರಿ ಇದ್ದಂತೆ ಅನಿಸುವದು. 30 ಕಿಲೋಮೀಟರ ಇದ್ದರೆ ಆರೂವರೆ. 50 ಇದ್ದರೆ ಐದೂವರೆ. ಈ ಸೂತ್ರ 10 ಡಿಗ್ರಿ ಮತ್ತು ಅದಕ್ಕಿಂತ ಕೆಳಗಿನ ಚಳಿಗಾಗಿ ಮಾಡಿದ್ದು. ನಮ್ಮ ಚಳಿ ಅದಕ್ಕಿಂತ ಸ್ವಲ್ಪ ಸೌಮ್ಯ. ಆದರೂ ಗಾಳಿಯ ಗುಣ ಒಂದೇ.

ಈ ಅಂಕಿಗಳನ್ನು ಇನ್ನೊಮ್ಮೆ ನೋಡಿರಿ. ವೇಗ 50ರಿಂದ 30ಕ್ಕೆ ಇಳಿದರೂ ಚಳಿ ಒಂದೇ ಡಿಗ್ರಿಯಷ್ಟು ಕಡಿಮೆಯಾಯಿತು. ಆದುದರಿಂದ ಬರೇ ಮೆಲ್ಲಗೆ ಹೋದರೆ ಬೆಚ್ಚಗಿರಬಹುದೆಂದು ತಿಳಿಯಬಾರದು. ಮೆಲ್ಲಗೆ ಹೋಗುವದರ ಲಾಭ ಬೇರೆಯಿದೆ, ಅದನ್ನು ಮುಂದೆ ಹೇಳುವೆ. ಬೆಚ್ಚಗಿರಬೇಕಾದರೆ ಗಾಳಿ ಮೈಗೆ ಮುಟ್ಟದಂತೆ ತಡೆಯಬೇಕು.

ಕಟ್ಟೆಯ ಮೇಲೆ ಮಾಡಿದ ಪ್ರಾತ್ಯಕ್ಷಿಕೆ

ಮಾತಿನಲ್ಲಿ ಹೇಳಿದ್ದು ಮನಸ್ಸಿಗೆ ನಾಟುವದಿಲ್ಲವೆಂದು ಒಂದು ಸಂಜೆ ಊರ ಕಟ್ಟೆಯ ಮೇಲೆ ಮೂರು ಸ್ಟೀಲಿನ ತಂಬಿಗೆಗಳನ್ನು ಇಟ್ಟೆ. ಒಂದೇ ಹಂಡೆಯ ಬಿಸಿನೀರನ್ನು ಮೂರಕ್ಕೂ ತುಂಬಿ ಮುಚ್ಚಳ ಹಾಕಿದೆ. ಮೊದಲನೆಯದನ್ನು ಬರಿದೇ ಬಿಟ್ಟೆ. ಎರಡನೆಯದಕ್ಕೆ ಹಳೆಯ ಸ್ವೆಟರಿನ ತೋಳು ತೊಡಿಸಿದೆ. ಮೂರನೆಯದಕ್ಕೆ ಸ್ವೆಟರಿನ ಇನ್ನೊಂದು ತೋಳು ತೊಡಿಸಿ, ಅದರ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಚೀಲ ಏರಿಸಿ ಬಾಯಿ ಕಟ್ಟಿದೆ. ಎದುರಿಗೆ ಟೇಬಲ್ ಫ್ಯಾನು ಹಚ್ಚಿ ಬಹಳ ಹೊತ್ತು ಬಿಟ್ಟೆವು.

ಬಳಿಕ ನೆರೆದವರೆಲ್ಲ ಬೆರಳು ಅದ್ದಿ ನೋಡಿದರು. ಬರಿದೇ ಇಟ್ಟದ್ದು ಆರಿಹೋಗಿತ್ತು. ಸ್ವೆಟರ್ ತೊಟ್ಟದ್ದು ಉಗುರು ಬೆಚ್ಚಗಿತ್ತು. ಪ್ಲಾಸ್ಟಿಕ್ ಹೊದ್ದದ್ದು ಇನ್ನೂ ಬಿಸಿಯಾಗಿತ್ತು. ಆ ಪ್ಲಾಸ್ಟಿಕ್ ಚೀಲ ಕಾಗದದಷ್ಟೇ ತೆಳ್ಳಗಿದ್ದಿತು, ಅದಕ್ಕೆ ತನ್ನದೆನ್ನುವ ಬಿಸಿಯಿರಲಿಲ್ಲ. ಅದು ಗಾಳಿಯನ್ನು ಹೊರಗೆ ನಿಲ್ಲಿಸಿತು, ಒಳಗಿನ ಉಣ್ಣೆಗೆ ತನ್ನ ಕೆಲಸ ಮಾಡಲು ಬಿಟ್ಟಿತು. ಯಾರ ಮನೆಯಲ್ಲಾದರೂ ಇದನ್ನು ಮಾಡಿ ನೋಡಬಹುದು. ಶಾಲೆಯ ಮಕ್ಕಳಿಗೂ ಇದು ಒಳ್ಳೆಯ ಪಾಠ.

ಎದೆ ತಣ್ಣಗಾದರೆ ಕೈ ಏಕೆ ಸೆಟೆಯುತ್ತದೆ

ಕೈಗೆ ಚಳಿಯಾದರೆ ಕೈಯನ್ನು ಮುಚ್ಚಿದರೆ ಸಾಕೆಂದು ತೋರುವದು ಸಹಜ. ಆದರೆ ಮೈಯ ವ್ಯವಸ್ಥೆ ಬೇರೆಯಿದೆ. ಮಲಪ್ರಭೆಯ ಕಾಲುವೆಯ ಕೊನೆಯಲ್ಲಿ ಹೊಲ ಇದ್ದವರಿಗೆ ಇದು ಬೇಗ ತಿಳಿಯುವದು. ಜಲಾಶಯದಲ್ಲಿ ನೀರು ಕಡಿಮೆಯಾದಾಗ ಮೊದಲು ಒಣಗುವದು ಕೊನೆಯ ಹೊಲ. ಹಾಗೆಯೇ ಎದೆ ಹೊಟ್ಟೆಗಳಿಗೆ ಚಳಿ ತಗಲಿತೆಂದರೆ, ಹೃದಯ ಮತ್ತು ಪುಪ್ಪಸಗಳನ್ನು ಕಾಯುವ ಸಲುವಾಗಿ ಮೈ ತಾನಾಗಿಯೇ ಕೈಕಾಲುಗಳ ರಕ್ತನಾಳಗಳನ್ನು ಬಿಗಿ ಹಿಡಿಯುತ್ತದೆ. ಬಿಸಿ ರಕ್ತ ಬೆರಳ ತುದಿಗೆ ಮುಟ್ಟುವದಿಲ್ಲ. ಆದುದರಿಂದ ಎಂಥ ಒಳ್ಳೆಯ ಗ್ಲೌಸು ಹಾಕಿದರೂ ಎದೆ ತೆರೆದಿದ್ದರೆ ಬೆರಳು ತಣ್ಣಗಾಗಿಯೇ ತೀರುವವು. ಕೈ ಬೆಚ್ಚಗಿರಬೇಕಾದರೆ ಮೊದಲು ಎದೆಯನ್ನು ಮುಚ್ಚತಕ್ಕದ್ದು.

ಬೆರಳ ಚರ್ಮದ ಬಿಸಿ ಸುಮಾರು 15 ಡಿಗ್ರಿಗಿಂತ ಕೆಳಗಿಳಿದರೆ ಕೈಯ ಚುರುಕು ಬಹಳ ಕುಂದುತ್ತದೆ. ಅಂಗಿಯ ಗುಂಡಿ ಹಾಕಲು ಬಾರದು, ಬ್ರೇಕಿನ ಹಿಡಿತ ಗೊತ್ತಾಗದು. ನಮ್ಮಲ್ಲಿ ಹಿಮ ಬೀಳುವದಿಲ್ಲ, ಬೆರಳು ಹೆಪ್ಪುಗಟ್ಟಿ ಉದುರುವ ಭಯವಿಲ್ಲ. ನಮ್ಮಲ್ಲಿರುವ ಅಪಾಯ ಬ್ರೇಕಿನದು. ಗಂಟೆಗೆ 50 ಕಿಲೋಮೀಟರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ, ಅಂದರೆ 45 ಅಡಿ ಮುಂದೆ ಹೋಗುತ್ತದೆ. ಸೆಟೆದ ಬೆರಳು ಒಂದೇ ಸೆಕೆಂಡು ತಡ ಮಾಡಿದರೂ ಬ್ರೇಕು ಹತ್ತುವ ಮೊದಲೇ ಆ 45 ಅಡಿ ಕಳೆದುಹೋಗಿರುತ್ತದೆ. 30 ಕಿಲೋಮೀಟರ ವೇಗದಲ್ಲಾದರೆ ಅದೇ ತಡಕ್ಕೆ 27 ಅಡಿ. ಮೆಲ್ಲಗೆ ಹೋಗುವದರ ಲಾಭ ಇದು. ಹತ್ತು ಕಿಲೋಮೀಟರ ದಾರಿಗೆ 50ರ ವೇಗದಲ್ಲಿ 12 ನಿಮಿಷ, 30ರ ವೇಗದಲ್ಲಿ 20 ನಿಮಿಷ. ಎಂಟು ನಿಮಿಷ ಮೊದಲು ಮನೆ ಬಿಟ್ಟರೆ ಆಯಿತು.

ಈ ದಿನಗಳಲ್ಲಿ ರಸ್ತೆಯ ಮೇಲೆ ಕುರಿಯ ಹಿಂಡು, ಹತ್ತಿ ಮೇವು ತುಂಬಿದ ಚಕ್ಕಡಿ ಟ್ರ್ಯಾಕ್ಟರುಗಳು, ಹರವಿದ ಕಾಳುಕಡಿ ಇವೆಲ್ಲ ಇರುತ್ತವೆ, ಮೇಲೆ ಮಂಜು. ಟ್ರೇಲರ್ ಇದ್ದವರು ಅದರ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿಯನ್ನು ಹಚ್ಚಿದರೆ ಹಿಂದಿನಿಂದ ಬರುವವರ ಜೀವ ಕಾಯ್ದಂತಾಗುವದು.

ಎದೆಗೆ ಮೂರು ಪದರು

ಅರಿವೆಯನ್ನು ದಪ್ಪವಾಗಿ ಒಂದೇ ಹಾಕುವದಕ್ಕಿಂತ ಮೂರು ಪದರಾಗಿ ಹಾಕುವದು ಲೇಸು. ಒಳಗೆ ಒಣಗಿದ ಬನಿಯನ್ನು. ನಡುವೆ ಉಣ್ಣೆ: ಸ್ವೆಟರಾಗಲಿ, ಹಳೆಯ ಕಂಬಳಿಯ ತುಂಡಾಗಲಿ. ಹೊರಗೆ ಗಾಳಿ ತಡೆಯುವ ಜರ್ಕಿನ್. ಜರ್ಕಿನ್ ಕೊಳ್ಳಲು ಹಣವಿಲ್ಲದಿದ್ದರೆ ಚಿಂತೆ ಬೇಡ. ಮಳೆಗಾಲ ಮುಗಿದ ಮೇಲೆ ಮಡಿಚಿ ಟ್ರಂಕಿನಲ್ಲಿಟ್ಟ ರೇನ್‌ಕೋಟು ಇದೆಯಷ್ಟೆ; ಅದನ್ನು ಹೊರಗೆ ತೆಗೆದು ಸ್ವೆಟರಿನ ಮೇಲೆ ಹಾಕಿರಿ. ಮಳೆ ತಡೆಯುವದು ಗಾಳಿಯನ್ನೂ ತಡೆಯುವದು. ಕೊರಳು, ತೋಳಿನ ತುದಿ, ನಡು ಈ ಮೂರು ಕಡೆ ಗಾಳಿ ನುಗ್ಗದಂತೆ ಬಿಗಿ ಮಾಡಿಕೊಳ್ಳತಕ್ಕದ್ದು.

ರೇನ್‌ಕೋಟೂ ಇಲ್ಲದಿದ್ದರೆ ಹಳೆಯ ದಿನಪತ್ರಿಕೆಯ ನಾಲ್ಕೈದು ಹಾಳೆಗಳನ್ನು ಅಂಗಿಗೂ ಸ್ವೆಟರಿಗೂ ನಡುವೆ ಎದೆಯ ಮೇಲೆ ಹರವಿಕೊಳ್ಳಿರಿ. ನಗಬೇಡಿರಿ. ಫ್ರಾನ್ಸ್ ದೇಶದಲ್ಲಿ ವರ್ಷಕ್ಕೊಮ್ಮೆ ನಡೆಯುವ ಟೂರ್ ಡಿ ಫ್ರಾನ್ಸ್ ಎಂಬ ದೊಡ್ಡ ಸೈಕಲ್ ಪಂದ್ಯದಲ್ಲಿ ಸವಾರರು ಬೆಟ್ಟದ ತುದಿ ಮುಟ್ಟಿದಾಗ, ದಾರಿ ಪಕ್ಕದ ಜನರಿಂದ ಪತ್ರಿಕೆ ಇಸಿದುಕೊಂಡು ಅಂಗಿಯೊಳಗೆ ತುರುಕಿ ಇಳಿಜಾರು ಇಳಿಯುತ್ತಿದ್ದರು. ಕಾಗದ ಗಾಳಿಯನ್ನು ಬಿಡುವದಿಲ್ಲ, ಹಾಳೆಗಳ ನಡುವೆ ಗಾಳಿಯ ಪದರು ನಿಲ್ಲುವದು. ಒದ್ದೆಯಾದ ಹಾಳೆಯನ್ನು ಮಾತ್ರ ತೆಗೆದು ಹಾಕಬೇಕು.

ಒಂದು ಎಚ್ಚರಿಕೆ. ಗೊಬ್ಬರದ ಚೀಲವನ್ನಾಗಲಿ, ಔಷಧದ ಪೊಟ್ಟಣದ ಪ್ಲಾಸ್ಟಿಕ್ಕನ್ನಾಗಲಿ ಮೈಗೆ ಸುತ್ತಿಕೊಳ್ಳಕೂಡದು. ಔಷಧ ಹೊಡೆಯುವಾಗ ಹಾಕಿದ ರಬ್ಬರ್ ಗ್ಲೌಸನ್ನೂ ಸವಾರಿಗೆ ಬಳಸಕೂಡದು. ತೊಳೆದರೂ ವಿಷದ ಅಂಶ ಉಳಿದಿರಬಹುದು, ಬೆವರಿನೊಡನೆ ಚರ್ಮಕ್ಕೆ ಇಳಿಯಬಹುದು.

ಕಂಬಳಿಯ ಮಾತು

ಪ್ರಾತ್ಯಕ್ಷಿಕೆಯ ದಿನ ಆ ಕುರಿಯ ಅಜ್ಜನವರೂ ಕಟ್ಟೆಗೆ ಬಂದಿದ್ದರು. ಕಂಬಳಿಗೆ ಹುಣಸೆ ಬೀಜದ ಗಂಜಿ ಏಕೆ ಹಚ್ಚುತ್ತಾರೆಂದು ಅವರನ್ನು ಕೇಳಿದೆ. ನೇಯ್ದ ಕಂಬಳಿಯ ತೂತು ಮುಚ್ಚಿ ಅದು ಗಟ್ಟಿಯಾಗಲಿ, ಮಳೆಹನಿ ಜಾರಲಿ ಎಂದು ಹೇಳಿದರು. ತಂಬಿಗೆಗೆ ನಾನು ಪ್ಲಾಸ್ಟಿಕ್ ಹೊದಿಸಿದ ಉಪಾಯವನ್ನು ಕಂಬಳಿ ನೇಯುವವರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಇವು ಕಂಬಳಿಗೆ ಹೆಸರಾದ ಊರುಗಳು. ದಖ್ಖನಿ ಕುರಿಯ ಒರಟು ಉಣ್ಣೆ ಮೈಗೆ ಚುಚ್ಚಿದರೂ ಒಂದು ದೊಡ್ಡ ಗುಣವುಳ್ಳದ್ದು. ಉಣ್ಣೆ ತನ್ನ ತೂಕದ ಕಾಲುಭಾಗಕ್ಕಿಂತ ಹೆಚ್ಚು ತೇವ ಹೀರಿದರೂ ಮುಟ್ಟಿದರೆ ಒದ್ದೆಯೆನಿಸದೆ ಬೆಚ್ಚಗಿರಬಲ್ಲದು. ಹತ್ತಿಯ ಅರಿವೆ ಹಾಗಲ್ಲ. ಇಬ್ಬನಿಗೆ, ಬೆವರಿಗೆ ತೊಯ್ದರೆ ಮಣ್ಣಿನ ಗಡಿಗೆಯಂತೆ ಮೈಯನ್ನು ತಂಪು ಮಾಡತೊಡಗುತ್ತದೆ.

ಆದರೆ ಗಾಡಿಯ ಮೇಲೆ ಕಂಬಳಿಯ ಕೊಪ್ಪೆ ಹಾಕಬೇಡಿರಿ. ಅದರ ಅಂಚು ಗಾಳಿಗೆ ಹಾರಿ ಚೈನಿಗೋ ಗಾಲಿಗೋ ಸಿಕ್ಕಿದರೆ ಸವಾರನನ್ನು ಎಳೆದು ಕೆಡವುವದು. ಅಕ್ಕಪಕ್ಕದ ನೋಟಕ್ಕೂ ಅಡ್ಡಿ, ಹೆಲ್ಮೆಟ್ಟಿಗೂ ಅಡ್ಡಿ. ಅದರ ಬದಲು ಹರಿದ ಕಂಬಳಿಯಿಂದ ಎದೆಯಷ್ಟಗಲದ ಒಂದು ತುಂಡನ್ನು ಕತ್ತರಿಸಿ, ಲಾಡಿ ಹೊಲಿಸಿ, ರೇನ್‌ಕೋಟಿನೊಳಗೆ ಕಟ್ಟಿಕೊಳ್ಳಿರಿ. ಉಳಿದ ತುಂಡುಗಳಲ್ಲಿ ಮೊಣಕಾಲಿಗೆ ಎರಡು ಪಟ್ಟಿಗಳಾಗುವವು. ಊರ ಸಿಂಪಿಗರಾಗಲಿ, ಹೊಲಿಗೆ ಬಲ್ಲ ಸ್ತ್ರೀಶಕ್ತಿ ಸಂಘದ ಅಕ್ಕಂದಿರಾಗಲಿ ಇದನ್ನು ಅರ್ಧ ತಾಸಿನಲ್ಲಿ ಹೊಲಿದು ಕೊಡಬಲ್ಲರು.

ಕೈ, ಕೊರಳು, ತಲೆ, ಕಾಲು

ಕೈ: ಉಣ್ಣೆಯ ಗ್ಲೌಸು ಒಂದೇ ಇದ್ದರೆ ಅದೂ ಜರಡಿಯೇ. ಅದರ ಮೇಲೆ ಗಾಳಿ ತಡೆಯುವ ಚರ್ಮದ ಇಲ್ಲವೆ ರೆಕ್ಸಿನ್ ಗ್ಲೌಸು ಬೇಕು. ಅದು ಬಿಗಿಯಾಗಿರಬಾರದು, ಬಿಗಿಯಾದರೆ ರಕ್ತ ಓಡುವದಿಲ್ಲ, ಒಳಗೆ ಗಾಳಿಗೂ ಜಾಗವಿರದು. ಹ್ಯಾಂಡಲಿನ ಮುಂದೆ ಪ್ಲಾಸ್ಟಿಕ್ಕಿನ ಗಾರ್ಡು ಹಾಕಿಸಿದರೆ ಎದುರು ಗಾಳಿ ಬೆರಳಿಗೆ ನೇರವಾಗಿ ಬಡಿಯುವದಿಲ್ಲ. ಏನೇ ಹಾಕಿದರೂ ಹೊರಡುವ ಮೊದಲು ನಿಂತಲ್ಲಿಯೇ ಬ್ರೇಕು, ಕ್ಲಚ್ಚುಗಳನ್ನು ಪೂರ್ತಿ ಹಿಡಿದು ಬಿಟ್ಟು ನೋಡಿರಿ. ಹ್ಯಾಂಡಲನ್ನು ಎರಡೂ ಕಡೆ ತುದಿಯವರೆಗೆ ತಿರುಗಿಸಿ ನೋಡಿರಿ. ಎಲ್ಲಿಯಾದರೂ ಸಿಕ್ಕಿಕೊಂಡರೆ ಆ ಸಾಧನವನ್ನು ತೆಗೆದುಹಾಕತಕ್ಕದ್ದು.

ಕೊರಳು: ಮಫ್ಲರ್ ಒಳ್ಳೆಯದು. ಆದರೆ ಅದರ ತುದಿಗಳೆರಡೂ ಜರ್ಕಿನ್ನಿನ ಒಳಗೆ ಹೋಗಬೇಕು. ಹೆಗಲ ಮೇಲೆ ಹಾರಾಡುವ ಮಫ್ಲರ್, ಟವೆಲ್ಲು, ಧೋತರದ ಚುಂಗು ಇವು ಗಾಲಿಯ ಪಾಲಾಗುವ ವಸ್ತುಗಳು.

ತಲೆ: ಹೆಲ್ಮೆಟ್ಟಿನಷ್ಟು ಬೆಚ್ಚನೆಯ ಟೊಪ್ಪಿಗೆ ಬೇರೊಂದಿಲ್ಲ. ಐ.ಎಸ್.ಐ. ಗುರುತು ಮತ್ತು ಐ.ಎಸ್. 4151 ಎಂಬ ಅಂಕಿ ಇದ್ದದ್ದನ್ನೇ ಕೊಳ್ಳಿರಿ. ಅದರೊಳಗೆ ದಪ್ಪ ಮಂಕಿ ಕ್ಯಾಪು, ಸುತ್ತಿದ ರುಮಾಲು ಹಾಕಿದರೆ ಹೆಲ್ಮೆಟ್ಟು ಸರಿಯಾಗಿ ಕೂಡುವದಿಲ್ಲ, ಪಟ್ಟಿ ಹತ್ತುವದಿಲ್ಲ. ತೆಳ್ಳನೆಯ ಅರಿವೆ ಸಾಕು. ಗಾಜು ಉಸಿರಿಗೆ ಮಸುಕಾದರೆ ಒಂದು ಬೆರಳಿನಷ್ಟು ಎತ್ತಿ ಹೊರಗಿನ ಗಾಳಿ ಆಡಲು ಬಿಡಿರಿ.

ಕಾಲು: ಚಪ್ಪಲಿಯ ಬದಲು ಬೂಟು, ಕಾಲುಚೀಲ. ಗಾಳಿ ನೇರವಾಗಿ ಬಡಿಯುವದು ಮೊಣಕಾಲಿಗೆ. ಮೇಲೆ ಹೇಳಿದ ಕಂಬಳಿ ಪಟ್ಟಿಯನ್ನು ಪ್ಯಾಂಟಿನೊಳಗೆ ಕಟ್ಟಿಕೊಂಡರೆ ವಯಸ್ಸಾದವರ ಮೊಣಕಾಲು ನೋವಿಗೂ ಹಿತ.

ಹಿಂದೆ ಕೂಡುವವರು ಮತ್ತು ಮಕ್ಕಳು

ಹಿಂದೆ ಕೂಡುವ ತಾಯಂದಿರು ಸೀರೆಯ ಸೆರಗನ್ನು ಮುಂದಕ್ಕೆ ತಂದು ಸಿಕ್ಕಿಸಿಕೊಂಡು, ಮೇಲೆ ಸ್ವೆಟರ್ ಹಾಕಿ ಗುಂಡಿ ಹಚ್ಚಬೇಕು. ಹಿಂದಿನ ಗಾಲಿಯ ಸೀರೆ ಗಾರ್ಡನ್ನು ತೆಗೆಸಬೇಡಿರಿ. ಗಾಲಿಯ ಅರ್ಧದಷ್ಟಾದರೂ ಮರೆಯಾಗಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿಯೇ ಇದೆ.

ಮಕ್ಕಳನ್ನು ಟಾಕಿಯ ಮೇಲೆ ಮುಂದೆ ಕೂಡಿಸಿಕೊಂಡು ಹೋಗುವದನ್ನು ದಿನವೂ ನೋಡುತ್ತೇವೆ. ತಂದೆಗೆ ಬರಬೇಕಾದ ಗಾಳಿಯನ್ನೆಲ್ಲ ಆ ಕೂಸು ತಿನ್ನುತ್ತದೆ. ಮಗುವಿನ ಮೈ ಸಣ್ಣದು, ಬೇಗ ತಣ್ಣಗಾಗುವದು. ಚಳಿಯೆಂದು ಹೇಳಲೂ ಅದಕ್ಕೆ ತಿಳಿಯದು. ಕಾಯಿದೆಯಂತೆ ಸವಾರನ ಹಿಂದೆ ಒಬ್ಬರೇ ಕೂಡಬಹುದು. ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್ಟು ಮತ್ತು ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ ಇರಬೇಕು, ವೇಗ 40 ಕಿಲೋಮೀಟರ ಮೀರಕೂಡದೆಂದು ಕೇಂದ್ರ ಸರಕಾರ 2022ರಲ್ಲಿ ನಿಯಮ ಮಾಡಿದೆ. ನಸುಕಿನ ಪಯಣಕ್ಕೆ ಕೂಸನ್ನು ಬಸ್ಸಿನಲ್ಲಿ ಒಯ್ಯುವದೇ ಮೇಲು.

ಹೊತ್ತು ಮತ್ತು ದಾರಿ

ಮೋಡವಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಡುತ್ತಲೇ ಇರುತ್ತದೆ. ಆದುದರಿಂದ ಅತಿ ಹೆಚ್ಚು ಚಳಿ ಇರುವದು ನಡುರಾತ್ರಿಯಲ್ಲಲ್ಲ, ಹೊತ್ತು ಮೂಡುವ ಸಮಯದಲ್ಲಿ. ಅವಸರವಿಲ್ಲದ ಕೆಲಸಕ್ಕೆ ಸೂರ್ಯ ಹುಟ್ಟಿ ಒಂದು ತಾಸಿನ ಬಳಿಕ ಹೊರಟರೆ ಅರ್ಧ ಚಳಿ ತಪ್ಪುವದು. ತಣ್ಣನೆಯ ಗಾಳಿ ಭಾರವಾದದ್ದು, ನೀರಿನಂತೆ ತಗ್ಗಿಗೆ ಇಳಿದು ನಿಲ್ಲುವದು. ಬೆಣ್ಣಿಹಳ್ಳದ ತಗ್ಗುಗಳಲ್ಲಿ ಏರಿಗಿಂತ ಚಳಿ, ಮಂಜು ಎರಡೂ ಹೆಚ್ಚೆಂಬುದು ಅಲ್ಲಿ ಓಡಾಡುವವರಿಗೆ ಗೊತ್ತು. ತಗ್ಗು ಬರುವ ಮೊದಲೇ ವೇಗ ಇಳಿಸಿರಿ.

ದೂರದ ದಾರಿಯಿದ್ದರೆ ಬೆರಳು ಜುಮ್ಮೆಂದ ಕೂಡಲೆ ಗಾಡಿ ನಿಲ್ಲಿಸಬೇಕು, ಸೆಟೆಯುವವರೆಗೆ ಕಾಯಬಾರದು. ಕೆಳಗಿಳಿದು ತೋಳುಗಳನ್ನು ಬೀಸಿರಿ, ನೂರು ಹೆಜ್ಜೆ ನಡೆಯಿರಿ, ಅಂಗೈಗಳನ್ನು ಕಂಕುಳಲ್ಲಿ ಇಟ್ಟುಕೊಳ್ಳಿರಿ. ಸೈಲೆನ್ಸರಿಗೆ, ಬೆಂಕಿಗೆ ಕೈ ಒಡ್ಡಬೇಡಿರಿ. ಮರಗಟ್ಟಿದ ಚರ್ಮಕ್ಕೆ ಸುಡುವದು ತಿಳಿಯುವದಿಲ್ಲ, ಬೊಬ್ಬೆ ಎದ್ದ ಮೇಲೆ ಗೊತ್ತಾಗುವದು.

ಹೊರಡುವ ಮೊದಲು ಬಿಸಿ ರೊಟ್ಟಿಯನ್ನೋ ಉಪ್ಪಿಟ್ಟನ್ನೋ ತಿಂದು ಹೋಗಿರಿ. ಮೈ ಕಾಯುವದು ಅನ್ನದಿಂದ. ಸೆರೆ ಕುಡಿದರೆ ಚಳಿ ಬಿಡುವದೆಂಬ ಮಾತು ಸುಳ್ಳು. ಅದು ಚರ್ಮದ ರಕ್ತನಾಳಗಳನ್ನು ಅಗಲಿಸಿ ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತದೆ. ಬೆಚ್ಚಗಾದಂತೆ ಅನಿಸುವದು, ಮೈ ತಣ್ಣಗಾಗುತ್ತ ಹೋಗುವದು, ಬುದ್ಧಿಯೂ ಮಂಕಾಗುವದು. ಬೀಡಿ ಸಿಗರೇಟು ಬೆರಳಿನ ನಾಳಗಳನ್ನು ಇನ್ನಷ್ಟು ಬಿಗಿಯುತ್ತವೆ. ತಡೆಯಲಾಗದ ನಡುಕ, ತೊದಲು ಮಾತು, ತೂಕಡಿಕೆ ಕಂಡುಬಂದರೆ ಅವನನ್ನು ಗಾಡಿ ಹೊಡೆಯಲು ಬಿಡಕೂಡದು. ಒದ್ದೆ ಅರಿವೆ ಬದಲಿಸಿ, ಹೊದಿಸಿ, ಎಚ್ಚರವಿದ್ದರೆ ಬಿಸಿ ಚಹಾ ಕುಡಿಸಿ, ಆಸ್ಪತ್ರೆಗೆ ಒಯ್ಯತಕ್ಕದ್ದು.

ನೆನಪಿಡತಕ್ಕ ಮಾತುಗಳು

1. ಮೊದಲು ಗಾಳಿಯನ್ನು ತಡೆಯಿರಿ. ಸ್ವೆಟರಿನ ಮೇಲೆ ರೇನ್‌ಕೋಟು ಇಲ್ಲವೆ ಜರ್ಕಿನ್ ಇರಲಿ.
2. ಎದೆ ಬೆಚ್ಚಗಿದ್ದರೆ ಕೈ ಬೆಚ್ಚಗಿರುವದು.
3. ಒಳಗಿನ ಅರಿವೆ ಒಣಗಿರಲಿ.
4. ಹಾರಾಡುವ ತುದಿ ಯಾವದೂ ಹೊರಗಿರಬಾರದು.
5. ಹೊರಡುವ ಮೊದಲು ಬ್ರೇಕು ಹಿಡಿದು ನೋಡಿರಿ. ಬೆರಳು ಜುಮ್ಮೆಂದರೆ ನಿಲ್ಲಿಸಿರಿ.
6. ತಗ್ಗಿನಲ್ಲಿ, ಮಂಜಿನಲ್ಲಿ ಮೆಲ್ಲಗೆ ಹೋಗಿರಿ.

ಇವುಗಳಲ್ಲಿ ಹೆಚ್ಚಿನವಕ್ಕೆ ಒಂದು ರೂಪಾಯಿಯೂ ಬೇಡ. ಟ್ರಂಕಿನಲ್ಲಿ ಮಲಗಿದ ರೇನ್‌ಕೋಟು, ಮೂಲೆಯಲ್ಲಿ ಬಿದ್ದ ಹಳೆಯ ಕಂಬಳಿ, ಓದಿ ಮುಗಿಸಿದ ಪತ್ರಿಕೆ, ಮತ್ತೆ ಎಂಟು ನಿಮಿಷ ಮೊದಲು ಏಳುವ ಮನಸ್ಸು, ಇಷ್ಟಿದ್ದರೆ ಸಾಕು. ನಾನು ಈಗ ನಸುಕಿನಲ್ಲಿ ರೇನ್‌ಕೋಟು ಹಾಕಿಕೊಂಡು ಹೋಗುವದನ್ನು ಕಂಡು ಹುಡುಗರು "ಮಳಿ ಎಲ್ಲೈತ್ರಿ ಸರ?" ಎಂದು ನಗುತ್ತಾರೆ. ಅವರು ನಗಲಿ. ಹಳ್ಳದ ತಿರುವಿನಲ್ಲಿ ಅದೇ ಅಜ್ಜನವರ ಹಿಂಡು ಈಗಲೂ ಒಮ್ಮೊಮ್ಮೆ ಅಡ್ಡ ಬರುತ್ತದೆ. ನಾನು ಬ್ರೇಕು ಹಿಡಿದು ನಿಲ್ಲುತ್ತೇನೆ, ಕುರಿಗಳೆಲ್ಲ ದಾಟುತ್ತವೆ, ಅಜ್ಜನವರು ಕೋಲೆತ್ತಿ ನಮಸ್ಕಾರ ಮಾಡುತ್ತಾರೆ.

ಗ್ರಾಮ ಮಟ್ಟದ ಕಾರ್ಯಕರ್ತ, ಯರಗುಪ್ಪಿ